ಸಿಮೇಕ್ ಮತ್ತು ನಿಂಜಾ: ನಾಲ್ಕು ವರ್ಷ ಜೊತೆಗಿದ್ದ ಮೇಲೆ

ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟಲು (ಅದಕ್ಕೇ ಬಿಲ್ಡ್ ಅನ್ನೋದು) ನಾವು ಬಳಸುವ ಎರಡು ಉಪಕರಣಗಳು ಇವು. ಮೊದಲೇ ಅಂಕ ಹೇಳಿಬಿಡುತ್ತೇನೆ. ನಿಂಜಾಗೆ ಐದಕ್ಕೆ ಐದು. ಸಿಮೇಕ್‌ಗೆ ಐದಕ್ಕೆ ಮೂರೂವರೆ. ಆ ಒಂದೂವರೆ ಎಲ್ಲಿ ಹೋಯಿತು ಅಂತ ಮುಂದೆ ಬರುತ್ತದೆ.

ಇವೆರಡರ ಎಲ್ಲ ಗುಣಗಳನ್ನೂ ನಾನು ಇಲ್ಲಿ ಅಳೆಯುತ್ತಿಲ್ಲ. ನನಗೆ ಬೇಕಾಗಿದ್ದು ಒಂದೇ ಸಂಗತಿ. ಯಾರೂ ಕೈಯಿಂದ ಬರೆಯದ, ಬಿಲ್ಡ್ ಆಗುವಾಗಲೇ ಹುಟ್ಟಿಕೊಳ್ಳುವ ಕೋಡನ್ನು ಈ ಜೋಡಿ ಹೇಗೆ ನೋಡಿಕೊಳ್ಳುತ್ತದೆ? ಯಾವ ಫೈಲ್ ಬದಲಾದರೆ ಯಾವುದನ್ನು ಮತ್ತೆ ಹುಟ್ಟಿಸಬೇಕು, ಯಾವುದನ್ನು ಮುಟ್ಟಬಾರದು ಅನ್ನೋದು ಇವಕ್ಕೆ ಗೊತ್ತಾಗುತ್ತದಾ?

ನಮ್ಮದು ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್. 900ರ ಆಸುಪಾಸಿನಲ್ಲಿ ಸೋರ್ಸ್ ಫೈಲುಗಳಿವೆ. 60ರಷ್ಟು ಪ್ರೋಟೊ ಫೈಲುಗಳಿವೆ (ಪ್ರೋಗ್ರಾಮುಗಳು ಒಂದಕ್ಕೊಂದು ಕಳಿಸುವ ಮಾಹಿತಿಯ ರೂಪ ಬರೆದಿಡುವ ಫೈಲುಗಳು), ಅವನ್ನು ಪ್ರೋಟೊಸಿ ಅನ್ನೋ ಕಂಪೈಲರ್ ಓದಿ ಕೋಡ್ ಬರೆದುಕೊಡುತ್ತದೆ. ಇದರ ಜೊತೆ ನಾವೇ ಬರೆದ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ. ಎರರ್ ಕೋಡುಗಳ ಪಟ್ಟಿ ಓದಿ, ಒಂದು ಹೆಡರ್ (ಬೇರೆ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲ್), ಒಂದು ಸೋರ್ಸ್ ಫೈಲ್ ಮಾಡಿಕೊಡೋದು ಅದರ ಕೆಲಸ. ತಂಡದಲ್ಲಿ ನಾಲ್ಕೇ ಜನ. ಬಿಲ್ಡ್ ಫೈಲುಗಳನ್ನು ನೋಡಿಕೊಳ್ಳೋದು ನಾನು. ಯಾರೂ ವಹಿಸಿದ ಕೆಲಸ ಅಲ್ಲ ಇದು. ಒಂದು ಸಲ ಸರಿ ಮಾಡಿಕೊಟ್ಟೆ, ಅಂದಿನಿಂದ ನನ್ನ ತಲೆಗೇ ಕಟ್ಟಿದರು.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಮೇಕ್ ತಾನೇ ಏನನ್ನೂ ಕಂಪೈಲ್ ಮಾಡೋದಿಲ್ಲ. ನಾವು ಬರೆದದ್ದನ್ನು ಓದಿ, ಯಾವುದಾದ ಮೇಲೆ ಯಾವುದು ಅನ್ನೋ ನಕ್ಷೆ ಬರೆಯುತ್ತದೆ, ಅಷ್ಟೇ. ಆ ನಕ್ಷೆ ಹಿಡಿದು ದುಡಿಯೋದು ನಿಂಜಾ. ಸಿಮೇಕ್ ಶುರುವಾಗಿದ್ದು 2000ದಲ್ಲಿ, ಕಿಟ್‌ವೇರ್ ಕಂಪನಿಯಲ್ಲಿ, ವೈದ್ಯಕೀಯ ಚಿತ್ರಗಳನ್ನು ಸಂಸ್ಕರಿಸುವ ಐಟಿಕೆ ಅನ್ನೋ ಲೈಬ್ರರಿಗಾಗಿ. ನಿಂಜಾ ಬರೆದವರು ಇವಾನ್ ಮಾರ್ಟಿನ್, ಕ್ರೋಮ್ ಬ್ರೌಸರಿನ ಬಿಲ್ಡ್ ತೀರಾ ನಿಧಾನ ಆಯಿತು ಅಂತ. ಅದರ ಫೈಲುಗಳನ್ನು ಮನುಷ್ಯರು ಬರೆಯಲಿ ಅನ್ನೋ ಉದ್ದೇಶವೇ ಅದಕ್ಕಿಲ್ಲ. ಬೇರೆ ಯಾವುದೋ ಪ್ರೋಗ್ರಾಮ್ ಬರೆದುಕೊಡಬೇಕು, ಇದು ಓಡಬೇಕು. ಅದರ ವೇಗದ ಗುಟ್ಟು ಇರೋದೇ ಇಲ್ಲಿ. ಯೋಚನೆ ಮಾಡುವ ಕೆಲಸವನ್ನೆಲ್ಲ ಇನ್ನೊಬ್ಬರ ಮೇಲೆ ಹಾಕಿಬಿಟ್ಟಿದೆ.

ಆ ಇನ್ನೊಬ್ಬರು ಸಿಮೇಕ್ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಕೋಡ್ ಹುಟ್ಟಿಸಲು ಸಿಮೇಕ್‌ನಲ್ಲಿರುವ ಮುಖ್ಯ ಸಲಕರಣೆ ಆಡ್ ಕಸ್ಟಮ್ ಕಮಾಂಡ್. ಇಂಥ ಫೈಲ್ ಹುಟ್ಟುತ್ತದೆ, ಈ ಕಮಾಂಡ್ ಓಡಿಸು, ಈ ಈ ಫೈಲುಗಳನ್ನು ನಂಬಿಕೊಂಡಿದೆ ಅಂತ ಮೂರು ಸಂಗತಿ ಹೇಳಬೇಕು. ಆ ಮೂರನೆಯದಕ್ಕೇ ಡಿಪೆಂಡೆನ್ಸಿ ಅನ್ನೋದು. ಮೊದಲ ಎರಡು ತಪ್ಪಿದರೆ ಬಿಲ್ಡ್ ಅಲ್ಲೇ ಒದರುತ್ತದೆ. ಮೂರನೆಯದು ತಪ್ಪಿದರೆ ಉಸಿರೇ ಎತ್ತೋದಿಲ್ಲ. ಬಿಲ್ಡ್ ಆಗುತ್ತದೆ, ಟೆಸ್ಟೂ ಪಾಸ್ ಆಗುತ್ತದೆ.

ನಮ್ಮ ಎರರ್ ಕೋಡಿನ ಸ್ಕ್ರಿಪ್ಟಿಗೆ ನಾನು ಪಟ್ಟಿಯ ಫೈಲನ್ನು ಮಾತ್ರ ಡಿಪೆಂಡೆನ್ಸಿ ಅಂತ ಕೊಟ್ಟಿದ್ದೆ. ಆದರೆ ಸ್ಕ್ರಿಪ್ಟ್ ಒಳಗೆ ಇನ್ನೊಂದು ಸಣ್ಣ ಫೈಲನ್ನೂ ಓದುತ್ತಿತ್ತು. ಯಾವ ಮಾಡ್ಯೂಲಿನ ಕೋಡುಗಳು ಯಾವ ನಂಬರಿನಿಂದ ಶುರು ಅಂತ ಅದರಲ್ಲಿತ್ತು. ಒಂದು ದಿನ ನಮ್ಮ ತಂಡದ ಹುಡುಗ ಅದರ ಮಧ್ಯದಲ್ಲಿ ಹೊಸ ಮಾಡ್ಯೂಲ್ ಸೇರಿಸಿದ. ಕೆಳಗಿದ್ದ ನಂಬರುಗಳೆಲ್ಲ ಒಂದೊಂದು ಮೆಟ್ಟಿಲು ಇಳಿದವು. ಬಿಲ್ಡ್ ಸರ್ವರ್ ಯಾವಾಗಲೂ ಖಾಲಿ ಫೋಲ್ಡರಿನಿಂದ ಶುರು ಮಾಡುತ್ತದೆ, ಹಾಗಾಗಿ ಅಲ್ಲಿ ಹೊಸ ಹೆಡರ್ ಹುಟ್ಟಿತು. ನನ್ನ ಮಷೀನಿನಲ್ಲಿ ಹಳೆಯದೇ ಕೂತಿತ್ತು. ಲಾಗ್ ನೋಡುವ ಪ್ರೋಗ್ರಾಮನ್ನು ನಾನು ನನ್ನ ಮಷೀನಿನಲ್ಲೇ ಬಿಲ್ಡ್ ಮಾಡಿಕೊಂಡಿದ್ದೆ. ಸರ್ವರಿನಿಂದ ಬಂದ ಲಾಗನ್ನು ಅದರಲ್ಲಿ ತೆರೆದರೆ "ಡಿಸ್ಕ್ ತುಂಬಿದೆ", "ಡಿಸ್ಕ್ ತುಂಬಿದೆ" ಅಂತ ಸಾಲು ಸಾಲು.

ಒಂದೂವರೆ ದಿನ ಡಿಸ್ಕ್ ಹಿಂದೆ ಬಿದ್ದಿದ್ದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇತ್ತು. ನಿಜವಾಗಿ ಬಂದಿದ್ದ ಎರರ್ ಟೈಮ್‌ಔಟ್. ನಂಬರು ಒಂದು ಮೆಟ್ಟಿಲು ಜಾರಿದ್ದರಿಂದ ಹೆಸರು ಬದಲಾಗಿತ್ತು. ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಕಟ್ಟಿದ ತಕ್ಷಣ ಎಲ್ಲ ಸರಿಯಾಯಿತು. ಅದು ಇನ್ನೂ ಕೆಟ್ಟದ್ದು. ಯಾಕೆ ಸರಿಯಾಯಿತು ಅಂತ ಗೊತ್ತಾಗದೆ ಸರಿಯಾಗೋದು ಇದೆಯಲ್ಲ, ಅದಕ್ಕಿಂತ ತಲೆನೋವು ಬೇರೆ ಇಲ್ಲ.

ಇಲ್ಲಿ ಸಿಮೇಕ್ ತಪ್ಪು ಮಾಡಿತಾ? ಇಲ್ಲ. ನಾನು ಹೇಳಲಿಲ್ಲ, ಅದು ಕೇಳಲಿಲ್ಲ. ಈ ಜೋಡಿಯ ಸ್ವಭಾವವೇ ಅದು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಹೇಳದ್ದನ್ನು ಊಹಿಸೋದಿಲ್ಲ.

ಇದಕ್ಕೆ ಮದ್ದು ಸಿಮೇಕ್ ಒಳಗೇ ಇತ್ತು, ನಾನು ಓದಿರಲಿಲ್ಲ. ಡೆಪ್‌ಫೈಲ್ ಅಂತ ಒಂದು ಆಯ್ಕೆ. ಕೋಡ್ ಬರೆಯುವ ಸ್ಕ್ರಿಪ್ಟೇ ತಾನು ಯಾವ ಯಾವ ಫೈಲ್ ತೆರೆದೆ ಅಂತ ಒಂದು ಚೀಟಿ ಬರೆದಿಡುತ್ತದೆ. ಮುಂದಿನ ಸಲ ನಿಂಜಾ ಆ ಚೀಟಿ ನೋಡಿ ತೀರ್ಮಾನ ಮಾಡುತ್ತದೆ. ಚೀಟಿಯ ರೂಪ ಮೇಕ್ ಅನ್ನೋ ಹಳೇ ಬಿಲ್ಡ್ ಉಪಕರಣದ ಮೇಕ್‌ಫೈಲಿನದ್ದೇ. ಹುಟ್ಟಿದ ಫೈಲಿನ ಹೆಸರು, ಒಂದು ಕೋಲನ್, ಆಮೇಲೆ ಓದಿದ ಫೈಲುಗಳ ಹೆಸರು. ನಮ್ಮ ಸ್ಕ್ರಿಪ್ಟಿಗೆ ಎಂಟು ಸಾಲು ಸೇರಿಸಿದೆ, ಮುಗಿಯಿತು. ಸಿ ಕಂಪೈಲರುಗಳು ಹೆಡರ್ ಫೈಲುಗಳಿಗೆ ವರ್ಷಾನುಗಟ್ಟಲೆಯಿಂದ ಮಾಡಿಕೊಂಡು ಬಂದಿರೋದೂ ಇದನ್ನೇ.

ನಿಂಜಾ ಜೊತೆ ಈ ಆಯ್ಕೆ ಸಿಮೇಕ್ 3.7ರಿಂದ ಇದೆ. ಮೇಕ್ ಜೊತೆ ಬೇಕಾದರೆ 3.20, ವಿಷುಯಲ್ ಸ್ಟುಡಿಯೋ ಮತ್ತು ಎಕ್ಸ್‌ಕೋಡ್ ಜೊತೆ 3.21 ಬೇಕು. ಪ್ರೋಟೊಸಿಯೂ ಇಂಥ ಚೀಟಿ ಬರೆದುಕೊಡುತ್ತದೆ, ಡಿಪೆಂಡೆನ್ಸಿ ಔಟ್ ಅಂತ ಅದಕ್ಕೊಂದು ಆಯ್ಕೆ ಇದೆ. ಆದರೆ ಆಗ ಒಂದು ಸಲಕ್ಕೆ ಒಂದೇ ಪ್ರೋಟೊ ಫೈಲ್ ಕೊಡಬೇಕು. ನಾವು ಮೊದಲು ಅರವತ್ತನ್ನೂ ಒಂದೇ ಕಮಾಂಡಿಗೆ ತುರುಕುತ್ತಿದ್ದೆವು. ಬಿಡಿಸಿದ್ದು ಒಳ್ಳೆಯದೇ ಆಯಿತು, ಒಂದು ಪ್ರೋಟೊ ಬದಲಾದರೆ ಈಗ ಅದು ಮತ್ತು ಅದನ್ನು ಇಂಪೋರ್ಟ್ ಮಾಡಿಕೊಂಡವು ಮಾತ್ರ ಮತ್ತೆ ಹುಟ್ಟುತ್ತವೆ.

ಒಂದು ಕಿವಿಮಾತು. ಸ್ಕ್ರಿಪ್ಟನ್ನೇ ಡಿಪೆಂಡೆನ್ಸಿ ಪಟ್ಟಿಗೆ ಸೇರಿಸಲು ಮರೆಯುವವರು ಬಹಳ. ಕಮಾಂಡಿನ ಸಾಲು ಬದಲಾದರೆ ನಿಂಜಾಗೆ ತಾನಾಗಿ ಗೊತ್ತಾಗುತ್ತದೆ, ಅದು ಪ್ರತಿ ಕಮಾಂಡಿನ ಗುರುತನ್ನೂ ನಿಂಜಾ ಲಾಗ್ ಅನ್ನೋ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಆ ಲೆಕ್ಕ ಇಡುತ್ತಿರಲಿಲ್ಲ, ಅದು ನೋಡೋದು ಫೈಲುಗಳ ಗಡಿಯಾರ ಮಾತ್ರ. ಆದರೆ ಕಮಾಂಡ್ ಹಾಗೇ ಇದ್ದು ಸ್ಕ್ರಿಪ್ಟಿನ ಒಳಗಿನ ಸಾಲು ಬದಲಾದರೆ ನಿಂಜಾಗೂ ಗೊತ್ತಾಗೋದಿಲ್ಲ. ನೀವೇ ಹೇಳಬೇಕು.

ಈಗ ನಿಂಜಾಗೆ ಐದಕ್ಕೆ ಐದು ಯಾಕೆ ಕೊಟ್ಟೆ ಅಂತ ಹೇಳುತ್ತೇನೆ. ರೀಸ್ಟ್ಯಾಟ್ ಅನ್ನೋ ಒಂದೇ ಒಂದು ಸೌಲಭ್ಯಕ್ಕೆ.

ಎರರ್ ಪಟ್ಟಿಯಲ್ಲಿ ಯಾರೋ ಒಂದು ಕಾಮೆಂಟ್ ತಿದ್ದುತ್ತಾರೆ ಅಂದುಕೊಳ್ಳಿ. ಸ್ಕ್ರಿಪ್ಟ್ ಓಡಲೇಬೇಕು, ಯಾಕೆಂದರೆ ಪಟ್ಟಿ ಬದಲಾಗಿದೆ. ಆದರೆ ಹುಟ್ಟುವ ಹೆಡರಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆ ಹೆಡರನ್ನು ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಫೈಲುಗಳೂ ಸೇರಿಸಿಕೊಳ್ಳುತ್ತವೆ. 900 ಫೈಲುಗಳನ್ನು ಮತ್ತೆ ಕಂಪೈಲ್ ಮಾಡಬೇಕಾ? ಕಮಾಂಡ್ ಓಡಿದ ಮೇಲೆ ಹೆಡರಿನ ಸಮಯ ಬದಲಾಗಿದೆಯಾ ಅಂತ ನಿಂಜಾ ಮತ್ತೊಮ್ಮೆ ನೋಡುತ್ತದೆ. ಬದಲಾಗಿಲ್ಲ ಅಂದರೆ, ಮುಂದೆ ಸಾಲಿನಲ್ಲಿ ನಿಂತಿದ್ದ ಕೆಲಸಗಳನ್ನೆಲ್ಲ ಅಲ್ಲೇ ಕೈಬಿಡುತ್ತದೆ. ಸಿಮೇಕ್ ತಾನು ಬರೆಯುವ ಕಸ್ಟಮ್ ಕಮಾಂಡುಗಳಿಗೆಲ್ಲ ಇದನ್ನು ಹಾಕಿಯೇ ಕೊಡುತ್ತದೆ, ಕೇಳಬೇಕಾಗಿಲ್ಲ.

ಮೇಕ್‌ನಲ್ಲಿ ಇದನ್ನು ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಹೆಡರನ್ನು ಮುಟ್ಟದೆ ಬಿಟ್ಟರೆ ಅದು ಪಟ್ಟಿಗಿಂತ ಹಳೆಯದಾಗಿಯೇ ಉಳಿಯುತ್ತದೆ, ಹಾಗಾಗಿ ಪ್ರತಿ ಬಿಲ್ಡಿಗೂ ಸ್ಕ್ರಿಪ್ಟ್ ಓಡುತ್ತದೆ. ಅದನ್ನು ತಪ್ಪಿಸಲು ಸ್ಟ್ಯಾಂಪ್ ಫೈಲ್ ಅಂತ ಒಂದು ಖಾಲಿ ಫೈಲ್ ಇಟ್ಟುಕೊಂಡು ಆಟ ಆಡಬೇಕು. ನಿಂಜಾ ಆ ಲೆಕ್ಕವನ್ನೂ ತನ್ನ ಲಾಗಿನಲ್ಲೇ ಇಟ್ಟುಕೊಳ್ಳುತ್ತದೆ.

ಷರತ್ತು ಒಂದೇ. ಬರೆಯಬೇಕಾದ್ದು ಮೊದಲಿದ್ದ ಹಾಗೇ ಇದ್ದರೆ ನಿಮ್ಮ ಸ್ಕ್ರಿಪ್ಟ್ ಫೈಲನ್ನು ಮುಟ್ಟಬಾರದು. ಇದನ್ನು ಮಾಡಿದೆ. ಆದರೂ ಕಾಮೆಂಟ್ ತಿದ್ದಿದಾಗ ಎಲ್ಲವೂ ಮತ್ತೆ ಕಂಪೈಲ್ ಆಗುತ್ತಿತ್ತು. ನಿಂಜಾಗೆ ಡೀಬಗ್ ಎಕ್ಸ್‌ಪ್ಲೇನ್ ಅನ್ನೋ ಆಯ್ಕೆ ಕೊಟ್ಟು ಓಡಿಸಿದೆ. ಯಾವ ಫೈಲ್ ಯಾವುದಕ್ಕಿಂತ ಹಳೆಯದು ಅಂತ ಹೆಸರು ಹಿಡಿದು ಕಾರಣ ಹೇಳುತ್ತದೆ ಅದು. ಹೆಡರ್ ನಿಜವಾಗಿಯೂ ಬದಲಾಗಿದೆ ಅಂತ ಬಂತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅವೇ ಹೆಸರುಗಳು, ಬೇರೆ ಕ್ರಮದಲ್ಲಿ! ಸ್ಕ್ರಿಪ್ಟಿನಲ್ಲಿ ನಾನು ಹೆಸರುಗಳನ್ನು ಕ್ರಮ ಖಚಿತವಿಲ್ಲದ ಪೈಥಾನಿನ ಸೆಟ್‌ಗೆ ಹಾಕಿ ಅದರಿಂದ ಬರೆಸುತ್ತಿದ್ದೆ. ಪೈಥಾನ್ 3.3ರಿಂದ ಸ್ಟ್ರಿಂಗುಗಳ (ಅಕ್ಷರಗಳ ಸಾಲುಗಳ) ಹ್ಯಾಶ್, ಅಂದರೆ ಅವುಗಳಿಂದ ಲೆಕ್ಕ ಹಾಕಿದ ಸಂಖ್ಯೆ, ಪ್ರತಿ ಓಟಕ್ಕೂ ಬದಲಾಗುತ್ತದೆ, ಸೆಟ್‌ನ ಕ್ರಮವೂ ಅದರ ಜೊತೆಗೇ. ಕ್ರಮವಾಗಿ ಜೋಡಿಸಲು ಸಾರ್ಟೆಡ್ ಅಂತ ಒಂದು ಪದ ಸೇರಿಸಿದೆ. ಎಷ್ಟು ತಿಂಗಳು ನಾವು ನಾಲ್ಕು ಜನ ಸುಮ್ನೆ ಪರದೆ ನೋಡುತ್ತ ಕೂತಿದ್ದೆವೋ ಲೆಕ್ಕ ಹಾಕಲು ಹೋಗಲಿಲ್ಲ. ನಮ್ಮದೇ ಸ್ಕ್ರಿಪ್ಟ್, ಬರೆದವನು ನಾನೇ. ಯಾರನ್ನು ಬೈಯಲಿ?

ಅಂದಿನಿಂದ ನನ್ನದೊಂದು ಪರೀಕ್ಷೆ ಇದೆ. ಬಿಲ್ಡ್ ಮುಗಿದ ಮೇಲೆ ಏನನ್ನೂ ಮುಟ್ಟದೆ ಮತ್ತೊಮ್ಮೆ ನಿಂಜಾ ಓಡಿಸೋದು. "ನೋ ವರ್ಕ್ ಟು ಡೂ" ಅನ್ನೋ ಒಂದೇ ಸಾಲು ಬರಬೇಕು. ಬೇರೆ ಏನು ಬಂದರೂ ಎಲ್ಲೋ ಎಡವಟ್ಟಾಗಿದೆ ಅಂತ. ಇದನ್ನು ಬಿಲ್ಡ್ ಸರ್ವರಿನಲ್ಲೂ ಹಾಕಿದ್ದೇನೆ.

ಈ ಪರೀಕ್ಷೆಗೂ ಸಿಗದ ತಪ್ಪು ಇನ್ನೊಂದಿದೆ. ಒಂದು ಫೈಲ್ ಹುಟ್ಟಿದ ಹೆಡರನ್ನು ಸೇರಿಸಿಕೊಳ್ಳುತ್ತದೆ, ಆದರೆ ನಕ್ಷೆಯಲ್ಲಿ ಅವೆರಡಕ್ಕೂ ದಾರಿಯೇ ಇಲ್ಲ. ಹೆಡರ್ ಮೊದಲು ಹುಟ್ಟಿದರೆ ಬಿಲ್ಡ್ ಆಯಿತು, ಇಲ್ಲದಿದ್ದರೆ ಇಲ್ಲ. ನನ್ನ ಮಷೀನಿನಲ್ಲಿ ಆಗುತ್ತದೆ, ಜಾಸ್ತಿ ಕೋರ್ ಇರುವ ಸರ್ವರಿನಲ್ಲಿ ವಾರಕ್ಕೊಮ್ಮೆ ಬೀಳುತ್ತದೆ, ಮತ್ತೆ ಓಡಿಸಿದರೆ ಸರಿ. ನಿಂಜಾ 1.11ರಿಂದ ಮಿಸ್ಸಿಂಗ್ ಡೆಪ್ಸ್ ಅನ್ನೋ ಉಪಕರಣ ಬಂದಿದೆ. ಒಂದು ಪೂರ್ತಿ ಬಿಲ್ಡ್ ಆದ ಮೇಲೆ ಅದನ್ನು ಓಡಿಸಿದರೆ ದಾರಿ ಇಲ್ಲದ ಜೋಡಿಗಳನ್ನು ಹೆಸರು ಸಮೇತ ಹೇಳುತ್ತದೆ. ನಮ್ಮಲ್ಲಿ ಮೂರು ಸಿಕ್ಕವು.

ಸರಿ, ಸಿಮೇಕ್‌ನ ಒಂದೂವರೆ ಅಂಕಕ್ಕೆ ಬರೋಣ.

ಅರ್ಧ ಅಂಕ ಭಾಷೆಗೆ. ಸಿಮೇಕ್‌ನಲ್ಲಿ ಎಲ್ಲವೂ ಸ್ಟ್ರಿಂಗ್. ಪಟ್ಟಿ ಅಂದರೂ ನಡುವೆ ಸೆಮಿಕೋಲನ್ ಇರುವ ಸ್ಟ್ರಿಂಗೇ. ಇಲ್ಲದ ವೇರಿಯಬಲ್ ಹೆಸರು ಬರೆದರೆ ಅದು ತೆಪ್ಪಗೆ ಖಾಲಿ ಆಗುತ್ತದೆ. ಡಿಪೆಂಡೆನ್ಸಿ ಪಟ್ಟಿಯ ವೇರಿಯಬಲ್ಲಿನಲ್ಲಿ ಒಂದಕ್ಷರ ತಪ್ಪಿದಿರೋ, ಪಟ್ಟಿಯೇ ಮಾಯ, ಬಿಲ್ಡ್ ಮಾತ್ರ ಜೋರಾಗಿ ನಡೆಯುತ್ತದೆ. ಮೇಲೆ ಹೇಳಿದ ಡಿಸ್ಕಿನ ಕಥೆ ಮತ್ತೆ ಶುರು. ವಾರ್ನ್ ಅನ್‌ಇನಿಶಿಯಲೈಸ್ಡ್ ಅಂತ ಒಂದು ಆಯ್ಕೆ ಇದೆ, ಕೊಟ್ಟರೆ ಎಚ್ಚರಿಸುತ್ತದೆ. ಅದು ತಾನಾಗಿಯೇ ಇರಬೇಕಿತ್ತು, ಅಲ್ವಾ?

ಅರ್ಧ ಅಂಕ ಫೋಲ್ಡರ್ ಗೋಡೆಗಳಿಗೆ. ಒಂದು ಫೋಲ್ಡರಿನ ಸಿಮೇಕ್ ಫೈಲಿನಲ್ಲಿ ಹುಟ್ಟಿಸಿದ್ದನ್ನು ಇನ್ನೊಂದು ಫೋಲ್ಡರಿನ ಟಾರ್ಗೆಟ್ (ಕಟ್ಟಬೇಕಾದ ಪ್ರೋಗ್ರಾಮ್, ಲೈಬ್ರರಿ ಇತ್ಯಾದಿ) ನೇರವಾಗಿ ಬಳಸುವಂತಿಲ್ಲ. ನಡುವೆ ಒಂದು ಟಾರ್ಗೆಟ್ ಹಾಕಿ, ಅದರ ಮೇಲೆ ಇದು ನಿಂತಿದೆ ಅಂತ ಹೇಳಬೇಕು. ಇನ್ನು, ಒಂದೇ ಫೈಲನ್ನು ಸಂಬಂಧವಿಲ್ಲದ ಎರಡು ಟಾರ್ಗೆಟ್‌ಗಳಲ್ಲಿ ಬರೆದು ಮೇಕ್ ಜೊತೆ ಓಡಿಸಿದರೆ ಕಮಾಂಡ್ ಎರಡೂ ಕಡೆ ಏಕಕಾಲಕ್ಕೆ ಓಡಿ, ಅರ್ಧ ಬರೆದ ಹೆಡರನ್ನು ಇನ್ನೊಬ್ಬರು ಓದಿಬಿಡಬಹುದು. ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ನಾವು ಮೇಕ್‌ನಿಂದ ನಿಂಜಾಗೆ ಬದಲಾದ ದಿನ ಈ ಕಾಟ ತಪ್ಪಿತು, ಅದರ ನಕ್ಷೆ ಇಡೀ ಪ್ರಾಜೆಕ್ಟಿಗೆ ಒಂದೇ.

ಉಳಿದ ಅರ್ಧ ಅಂಕ ಹೋಗಿದ್ದು ಬೇರೆ ಮಷೀನಿಗಾಗಿ ಕಟ್ಟುವಾಗ. ನಾವು ಎಕ್ಸ್86 ಮಷೀನಿನಲ್ಲಿ ಕೂತು ಬೇರೆ ಬಗೆಯ ಪ್ರೊಸೆಸರ್ ಇರುವ ಆರ್ಮ್ ಬೋರ್ಡಿಗೂ ಬಿಲ್ಡ್ ಮಾಡುತ್ತೇವೆ. ಪ್ರೋಟೊಸಿ ಬರೆದ ಕೋಡ್ ಬಳಸುವ ಪ್ರೋಟೊಬಫ್ ಲೈಬ್ರರಿ ಆರ್ಮ್‌ಗಾಗಿ ಬೇಕು. ಪ್ರೋಟೊಸಿ ಓಡೋದು ಮಾತ್ರ ನಮ್ಮ ಮಷೀನಿನಲ್ಲೇ. ಸಿಮೇಕ್‌ನಲ್ಲಿ ಒಂದು ಬಿಲ್ಡ್ ಫೋಲ್ಡರಿಗೆ ಒಂದೇ ಟೂಲ್‌ಚೈನ್, ಅಂದರೆ ಒಂದೇ ಕಂಪೈಲರ್ ಬಳಗ. ಹಾಗಾಗಿ ಎರಡು ಸಲ ಬಿಲ್ಡ್: ಮೊದಲು ಪ್ರೋಟೊಸಿ ಇಲ್ಲಿಗಾಗಿ, ಆಮೇಲೆ ಉಳಿದದ್ದೆಲ್ಲ ಅಲ್ಲಿಗಾಗಿ. ಎರಡರ ವರ್ಶನ್ ಬೇರೆ ಆದರೆ ಹುಟ್ಟಿದ ಹೆಡರಿನ ತಲೆಯಲ್ಲೇ ಇರುವ ತಪಾಸಣೆ ಬಿಲ್ಡನ್ನು ನಿಲ್ಲಿಸುತ್ತದೆ. ಅದು ಪ್ರೋಟೊಬಫ್‌ನ ಒಳ್ಳೆಯ ಗುಣ. ನಾವು ಫೆಚ್ ಕಂಟೆಂಟ್ (ಹೊರಗಿನ ಕೋಡನ್ನು ತರಿಸುವ ಸಿಮೇಕ್ ಸೌಲಭ್ಯ) ಬಳಸಿ ಎರಡನ್ನೂ ಕೋಡಿನ ಒಂದು ನಿರ್ದಿಷ್ಟ ಸ್ಥಿತಿಯ ಗುರುತಾದ ಒಂದೇ ಕಮಿಟ್ ಹ್ಯಾಶ್‌ಗೆ ಕಟ್ಟಿಹಾಕಿದ್ದೇವೆ. ಟ್ಯಾಗ್ ಹೆಸರು ಕೊಟ್ಟರೂ ನಡೆಯುತ್ತದೆ, ಆದರೆ ಟ್ಯಾಗನ್ನು ಯಾರು ಬೇಕಾದರೂ ಜರುಗಿಸಬಹುದು. ಹ್ಯಾಶ್ ಜರುಗೋದಿಲ್ಲ.

ಹಾಗಾದರೆ ಬೇರೆ ಯಾವುದಾದರೂ ಒಳ್ಳೆಯದಾ? ಮೆಸಾನ್ ಅನ್ನೋ ಇನ್ನೊಂದು ಬಿಲ್ಡ್ ಉಪಕರಣ ಈ ಕೊನೆಯ ವಿಷಯದಲ್ಲಿ ಮುಂದಿದೆ. ಈ ಪ್ರೋಗ್ರಾಮ್ ಇಲ್ಲಿಗೆ, ಆ ಪ್ರೋಗ್ರಾಮ್ ಅಲ್ಲಿಗೆ ಅಂತ ಒಂದೇ ಫೋಲ್ಡರಿನಲ್ಲಿ ಹೇಳಬಹುದು. ಅದರ ಕೆಳಗೆ ದುಡಿಯೋದೂ ನಿಂಜಾನೇ. ಬೇಜಲ್ ಅನ್ನೋ ಮತ್ತೊಂದು ಉಪಕರಣ ಇನ್ನೂ ಕಟ್ಟುನಿಟ್ಟು. ಗೂಗಲ್ 2015ರಲ್ಲಿ ಹೊರಗೆ ಬಿಟ್ಟಿದ್ದು. ಸ್ಯಾಂಡ್‌ಬಾಕ್ಸ್ (ಹೊರಗಿನದು ಕಾಣದಂತೆ ಬೇಲಿ ಹಾಕಿದ ಜಾಗ) ಒಳಗೆ ಓಡಿಸಿದರೆ, ಹೇಳದ ಫೈಲ್ ಸ್ಕ್ರಿಪ್ಟಿನ ಕಣ್ಣಿಗೇ ಬೀಳೋದಿಲ್ಲ. ನನ್ನ ಒಂದೂವರೆ ದಿನ ಅಲ್ಲಿ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು, ಫೈಲ್ ಇಲ್ಲ ಅಂತ ಸ್ಕ್ರಿಪ್ಟೇ ಕೂಗಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚು ಆಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ನಾವು ಬಳಸುವ ಲೈಬ್ರರಿಗಳಲ್ಲಿ ಮುಕ್ಕಾಲು ಪಾಲು ಸಿಮೇಕ್ ಫೈಲಿನ ಜೊತೆಗೇ ಬರುತ್ತವೆ. ಅವಕ್ಕೆಲ್ಲ ಬೇಜಲ್ ಫೈಲ್ ಬರೆದು ಸಾಕಿಕೊಂಡು ಹೋಗಲು ನಾಲ್ಕು ಜನರ ತಂಡಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಹುಟ್ಟಿದ ಕೋಡನ್ನು ಗಿಟ್‌ಗೆ (ಕೋಡಿನ ಇತಿಹಾಸ ಇಡುವ ವ್ಯವಸ್ಥೆಗೆ) ಹಾಕಿಬಿಡಿ, ಗೋಳೇ ಇರೋದಿಲ್ಲ ಅಂತ ತಂಡದಲ್ಲಿ ಒಬ್ಬರು ವಾದ ಮಾಡುತ್ತಲೇ ಇರುತ್ತಾರೆ. ಗೋ ಭಾಷೆಯವರು ಮಾಡೋದು ಹೆಚ್ಚಾಗಿ ಹಾಗೇ. ಕೋಡ್ ಹುಟ್ಟಿಸುವ ಗೋ ಜನರೇಟ್ ಕಮಾಂಡ್ 2014ರಲ್ಲಿ ಬಂದಾಗಿನಿಂದಲೂ ಗೋ ಬಿಲ್ಡ್ ಅದನ್ನು ತಾನಾಗಿ ಕರೆಯೋದಿಲ್ಲ. ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಕೂಡ ನೂರಕ್ಕೂ ಹೆಚ್ಚು ಸೋರ್ಸ್ ಫೈಲುಗಳನ್ನು, ಹುಟ್ಟಿಸಿದ ಪಾರ್ಸರನ್ನೂ ಸೇರಿಸಿ, ಒಂದೇ ದೊಡ್ಡ ಸಿ ಫೈಲ್ ಮಾಡಿ ಹಂಚುತ್ತದೆ. ಬಳಸುವವರಿಗೆ ಜನರೇಟರ್ ಬೇಕಾಗೋದೇ ಇಲ್ಲ. ಹೊರಗಿನವರಿಗೆ ಕೊಡುವಾಗ ಅದು ಸರಿ. ನಮ್ಮ ಹಾಗೆ ವಾರಕ್ಕೆ ಮೂರು ಸಲ ಪ್ರೋಟೊ ತಿದ್ದುವವರಿಗೆ ಮರ್ಜ್ ಮಾಡುವಾಗ ಹುಟ್ಟಿದ ಕೋಡಿನಲ್ಲಿ ಜಗಳ ಬಿಡಿಸುತ್ತ ಕೂರೋದೇ ಕೆಲಸ ಆಗುತ್ತದೆ. ಈ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಇತ್ತೀಚೆಗೆ ಬಂದ ಒಂದು ಸೌಲಭ್ಯಕ್ಕೆ ಕಾಲು ಅಂಕ ವಾಪಸ್ ಕೊಡೋಣ ಅಂತ ಯೋಚಿಸುತ್ತಿದ್ದೇನೆ. 2024ರ ನವೆಂಬರಿನಲ್ಲಿ ಬಂದ ಸಿಮೇಕ್ 3.31ರಲ್ಲಿ ಕಸ್ಟಮ್ ಕಮಾಂಡಿಗೆ ಕೋಡ್‌ಜೆನ್ ಅನ್ನೋ ಗುರುತು ಹಾಕಬಹುದು. ಆಮೇಲೆ ಕೋಡ್‌ಜೆನ್ ಅನ್ನೋ ಟಾರ್ಗೆಟ್ ಒಂದನ್ನೇ ಓಡಿಸಿದರೆ, ಇಡೀ ಪ್ರಾಜೆಕ್ಟ್ ಕಂಪೈಲ್ ಆಗದೆ ಹುಟ್ಟಬೇಕಾದ ಕೋಡಷ್ಟೇ ಹುಟ್ಟುತ್ತದೆ. ನಿಂಜಾ ಮತ್ತು ಮೇಕ್ ಎರಡರ ಜೊತೆಗೂ ನಡೆಯುತ್ತದೆ. ಕೋಡಿನಲ್ಲಿ ತಪ್ಪು ಹುಡುಕುವ ಕ್ಲ್ಯಾಂಗ್ ಟೈಡಿ ಓಡಿಸಲು ನಮಗೆ ಹೆಡರುಗಳು ಮಾತ್ರ ಬೇಕಿದ್ದವು, ಅದಕ್ಕಾಗಿ ಪೂರ್ತಿ ಬಿಲ್ಡ್ ಮಾಡುತ್ತಿದ್ದೆವು. ಈಗ ಪ್ರೋಟೊಸಿ ತಯಾರಾದರೆ ಸಾಕು, ಟೈಡಿ ಶುರು. ಹೊಸದಾಗಿ ಸೇರಿದವರು ಎಡಿಟರ್ ತೆರೆದ ತಕ್ಷಣ ಕಾಣುತ್ತಿದ್ದ ಕೆಂಪು ಗೆರೆಗಳಿಗೂ ಇದೇ ಮದ್ದು. ಇದಕ್ಕೆ ಸಿಎಂಪಿ0171 ಅನ್ನೋ ಪಾಲಿಸಿಯನ್ನು (ಸಿಮೇಕ್‌ನ ಹಳೇ ನಡವಳಿಕೆಯೋ ಹೊಸದೋ ಅಂತ ಆಯ್ದುಕೊಳ್ಳುವ ಸೆಟ್ಟಿಂಗ್) ಹೊಸದು ಅಂತ ಇಟ್ಟಿರಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ.

ಇನ್ನೂ ಒಂದು ಹುಳುಕು ಉಳಿದಿದೆ. ವರ್ಶನ್ ಹೆಡರ್. ಗಿಟ್ ಹ್ಯಾಶನ್ನು ಅದರಲ್ಲಿ ಬರೆಯುತ್ತೇವೆ, ಹಾಗಾಗಿ ಪ್ರತಿ ಕಮಿಟ್ ಆದ ಮೇಲೆ ಅದನ್ನು ಸೇರಿಸಿಕೊಂಡ ಹದಿನೇಳು ಫೈಲುಗಳು ಮತ್ತೆ ಕಂಪೈಲ್ ಆಗುತ್ತವೆ. ಹ್ಯಾಶನ್ನು ಒಂದೇ ಸೋರ್ಸ್ ಫೈಲಿಗೆ ಸರಿಸಿ, ಹೆಡರಿನಲ್ಲಿ ಫಂಕ್ಷನ್ನಿನ ಹೆಸರು ಮಾತ್ರ ಇಟ್ಟರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಎರಡು ವರ್ಷದಿಂದ ನನ್ನ ಪಟ್ಟಿಯಲ್ಲಿದೆ.